ಹೊಳೆದಂಡೆಗೆ ಬಂದ ತಿಗರಿ

ತಂಗಡಗಿ, ೧೯೭೬

ಅಪ್ಪಾ,

ಆಲಮಟ್ಟಿಯ ದವಾಖಾನೆಯಲ್ಲಿ ಪ್ರಥಮ ಚಿಕಿತ್ಸೆ ಕಲಿಯುತ್ತಿದ್ದೇನೆ. ಇಂದು ರಜೆಗೆ ಊರಿಗೆ ಬಂದರೆ, ಹೊಳೆಯಲ್ಲಿ ಮುಳುಗಿದ್ದ ಅಂಬಿಗರ ಚಂದ್ರಾಮನನ್ನು ದಂಡೆಗೆ ಎಳೆದು ಹಾಕಿದ್ದರು. ಉಸಿರಿರಲಿಲ್ಲ. ಕುಂಬಾರ ಪರಪ್ಪ ಕಾಕಾ ಗಡಿಗೆ ಮಾಡುವ ತನ್ನ ತಿಗರಿ ಚಕ್ರವನ್ನು ಹೊತ್ತು ತಂದಿದ್ದ, ಅದರ ಮೇಲೆ ಬೋರಲು ಮಲಗಿಸಿ ತಿರುಗಿಸಿ ನೀರು ಕಕ್ಕಿಸಲು. ನೀನು ಮುಳುಗಿದ ದಿನ ನಿನ್ನನ್ನು ತಿರುಗಿಸಿದ್ದೂ ಅದರ ಮೇಲೆಯೇ; ನಿನ್ನ ಉಸಿರು ಮರಳಲಿಲ್ಲ.

“ತಿಗರಿ ಬ್ಯಾಡ್ರಿ, ಹಿಂದ ಸರೀರಿ,” ಎಂದು ಚಂದ್ರಾಮನ ಬಾಯಿಗೆ ಬಾಯಿಟ್ಟು ಊದಿದೆ.

“ಗಂಡಸಿನ ಬಾಯಿಗೆ ಬಾಯಿ ಹಚ್ತೀಯೇನ, ಹುಚ್ಚಿ?” ಎಂದ ಕಾಕಾ.

ಊದುತ್ತಲೇ ಇದ್ದೆ. ಕೊನೆಗೆ ಚಂದ್ರಾಮ ಕೆಮ್ಮಿದ, ನೀರು ಕಕ್ಕಿದ. “ನನ್ನ ದೋಣಿ ಎಲ್ಲೈತಿ?” ಎಂದು ಕೇಳಿದ. ಎಲ್ಲರೂ ನಕ್ಕರು.

ಕಾಕಾ ತಿಗರಿ ಎತ್ತಿಕೊಂಡು ಮನೆಗೆ ಹೋದ. ಈ ಸಲ ಅದು ಒದ್ದೆಯಾಗಿರಲಿಲ್ಲ, ಅಪ್ಪಾ.