ಚಾಂಪಿಯನ್‌ಶಿಪ್ಪೂ ನನ್ನ ಕಾಲ್ಗುಣವೂ

ಏಪ್ರಿಲ್ 14, 2024, ಭಾನುವಾರ

ಇತಿಹಾಸ ಇನ್ನೂ ಎರಡನೇ ಪ್ಯಾರಾದಲ್ಲೇ ಕೂತಿದೆ. ಏಳುವ ಲಕ್ಷಣವಿಲ್ಲ.

ಅಮೆರಿಕದ ನಮ್ಮ ಕನ್ನಡ ಕೂಟದ ಪತ್ರಿಕೆಗೆ ಮಗಳು ಮಾನ್ಯಾ ಆಡುವ ಸಾಫ್ಟ್‌ಬಾಲ್ ಟೂರ್ನಮೆಂಟಿನ ಇತಿಹಾಸ ಬೇಕಂತೆ. ಸಂಪಾದಕ ಬಸವಕುಮಾರ್ ಫೋನಿನಲ್ಲಿ, "ಚಿತ್ರಾ ಮೇಡಂ, ಈ ಸಲ ಜೋಕ್ ಕಡಿಮೆ ಇರ್ಲಿ, ಹಿಸ್ಟರಿ ಜಾಸ್ತಿ ಇರ್ಲಿ" ಅಂದರು. ಇಷ್ಟು ವರ್ಷ ಅವರ ಪತ್ರಿಕೆಯಲ್ಲಿ ನಗೆಬರಹ ಬರೆದೆ. ನಗುತ್ತಿದ್ದವಳು ನಾನೊಬ್ಬಳೇ ಎಂದು ಇವತ್ತು ತಿಳಿಯಿತು.

ಬರೆದಿರುವುದು ಇಷ್ಟು: ಅಕ್ಕಪಕ್ಕದ ರಾಜ್ಯಗಳ ಕಾಲೇಜು ತಂಡಗಳು ಸೇರಿ ಒಂದು ಒಕ್ಕೂಟ, ಇಲ್ಲಿಯವರ ಬಾಯಲ್ಲಿ ಕಾನ್ಫರೆನ್ಸ್. ಪ್ರತಿ ಮೇ ತಿಂಗಳು ಒಂದು ಊರಿನಲ್ಲಿ ಸೇರಿ ಕಾದಾಡುತ್ತವೆ. ಗೆದ್ದವರಿಗೆ ಟ್ರೋಫಿ, ಸೋತವರಿಗೆ ಬಸ್ಸಿನಲ್ಲಿ ತಣ್ಣನೆಯ ಪಿಜ್ಜಾ. ನನ್ನ ಮಗಳು ತೋಳನ್ನು ಗಿರಗಿಟ್ಟಲೆಯಂತೆ ತಿರುಗಿಸಿ ಚೆಂಡೆಸೆಯುವ ಪಿಚರ್. 2020ರಲ್ಲಿ ತಂಡ ಸೇರಿದಳು. ಆ ವರ್ಷ ಕೋವಿಡ್, ಟೂರ್ನಮೆಂಟೇ ರದ್ದು. ಪರಿಹಾರವಾಗಿ ಒಂದು ವರ್ಷ ಹೆಚ್ಚು ಆಡಿಕೊಳ್ಳಿ ಎಂದರು. ಆ ಹೆಚ್ಚುವರಿ ವರ್ಷವೇ ಇದು. ಕೊನೆಯದು. ಆಮೇಲೆ ಕೆಲಸ, ಕ್ಯೂಬಿಕಲ್, ನಮ್ಮ ಹಾಗೆ ಬೆನ್ನುನೋವು.

2021ರಲ್ಲಿ ಏನಾಯಿತೆಂದು ನನ್ನ ಗಂಡ ಶ್ರೀಕರ್‌ನ ಕೇಳಿದೆ. ಲ್ಯಾಪ್‌ಟಾಪಿನಿಂದ ತಲೆ ಎತ್ತದೆ, "ಅಟ್ಲಾಂಟಾ. ಫೈನಲ್ ಸೋತ್ವಿ. ನೀನು ಬಂದಿದ್ದೆ."

ನಾನು ಬಂದಿದ್ದೆನೋ ಇಲ್ಲವೋ ಎಂದು ಯಾರು ಕೇಳಿದರು?

ಏಪ್ರಿಲ್ 15

ಮತ್ತೆ ಕೇಳಿದೆ, ಪರೀಕ್ಷೆಗೆಂದೇ.

"2022?"

"ವರ್ಜೀನಿಯಾ. ಚಾಂಪಿಯನ್ಸ್! ನೀನು ಮೈಸೂರಲ್ಲಿದ್ದೆ, ನಿಮ್ಮಣ್ಣನ ಗೃಹಪ್ರವೇಶಕ್ಕೆ."

"2023?"

"ಸೆಮಿಫೈನಲ್ಲಲ್ಲೇ ಔಟ್. ನೀನು… ಬಂದಿದ್ದೆ."

ನನ್ನ ಹುಟ್ಟುಹಬ್ಬ ಮರೆಯುವ ಗಂಡಸು. ಮದುವೆಯ ವರ್ಷ ಕೇಳಿದರೆ ಮೇಲೆ ನೋಡುವ ಗಂಡಸು. ನನ್ನ ಹಾಜರಿ ಮಾತ್ರ ಹೀಗೆ ಬಾಯಿಪಾಠ! ಏನೋ ಇದೆ.

ಏಪ್ರಿಲ್ 27, ಶನಿವಾರ

ಗರಾಜಿನಲ್ಲಿ ಫೋನು, ಪಿಸುದನಿ. "ಅಮ್ಮಂಗೆ ನಾನ್ ಹೇಳಲ್ಲ ಪುಟ್ಟಿ, ನೀನೇ ಹೇಳು…" ನನ್ನನ್ನು ಕಂಡಿದ್ದೇ ಕಟ್ ಮಾಡಿದರು.

"ಯಾರ್ರೀ ಅದು?"

"ಕಾರ್ ಸರ್ವಿಸ್‌ನವರು."

ಕಾರ್ ಸರ್ವಿಸ್‌ನವರನ್ನು ಪುಟ್ಟಿ ಎಂದು ಕರೆಯುವವರನ್ನು ನಮ್ಮೂರು ಶ್ಯಾಂಟಿಲಿಯಲ್ಲಿ ಇವತ್ತೇ ಮೊದಲು ನೋಡಿದ್ದು. ತಾರೀಖು, ಹೊತ್ತು ಬರೆದಿಟ್ಟುಕೊಂಡೆ. ಪತ್ತೇದಾರರ ಮೊದಲ ಕೆಲಸ ಅದೇ.

ಮೇ 3, ಶುಕ್ರವಾರ

ಈ ವರ್ಷದ ಟೂರ್ನಮೆಂಟು ಸೌತ್ ಕ್ಯಾರೊಲೈನಾದಲ್ಲಿ. ಫೋರ್ಟ್ ಮಿಲ್‌ನ ನನ್ನ ಗೆಳತಿ ರಾಧಿಕಾ ಮನೆಗೆ ಹತ್ತಿರ. ಊಟಕ್ಕೆ ಕೂತಾಗ ಶ್ರೀಕರ್ ಬೆಣ್ಣೆಯಂಥ ದನಿಯಲ್ಲಿ, "ನೀನು ರಾಧಿಕಾ ಮನೇಲೇ ಆರಾಮಾಗಿರು. ಗ್ರೌಂಡಲ್ಲಿ ಬಿಸಿಲು. ಲೈವ್‌ಸ್ಟ್ರೀಮ್ ಇದೆಯಲ್ಲ."

ಸೌಟು ಕೆಳಗಿಟ್ಟೆ. "ಏನ್ರೀ ಸಮಾಚಾರ? ನೇರವಾಗಿ ಹೇಳಿ."

ಸಾರಿನೊಳಗೆ ನೋಡುತ್ತ ಹೇಳಿದರು: "ಅದೇ… ಕಾಲ್ಗುಣ."

ಸರ್ಕಾರಕ್ಕೆ ಡೇಟಾ ಅನಾಲಿಸಿಸ್ ಮಾಡಿಕೊಡುವ ಮನುಷ್ಯ! ನಾನು ಹೋದ ವರ್ಷ ಸೋಲು, ಹೋಗದ ವರ್ಷ ಗೆಲುವು. ಅವರ ಪ್ರಕಾರ ಪ್ಯಾಟರ್ನ್ ಕ್ಲಿಯರ್. ನಾನು ಈ ಮನೆ ತುಂಬಿದ ವಾರವೇ ಮಾವನವರಿಗೆ ಪ್ರಮೋಷನ್ ಬಂತು. ಅತ್ತೆ ಬೀದಿಗೆಲ್ಲ ನನ್ನ ಕಾಲ್ಗುಣ ಹೊಗಳಿಕೊಂಡು ಬಂದಿದ್ದರು. ವಾರಂಟಿ ಮುಗಿದಿರಬೇಕು.

"ಹಾಗಾದ್ರೆ 2020? ಅವತ್ತು ನಾನೆಲ್ಲಿಗೆ ಹೋಗಿದ್ದೆ?"

"ಹೋಗ್ಲಿಲ್ಲ. ಆದ್ರೆ ಟಿಕೆಟ್ ಬುಕ್ ಮಾಡಿದ್ದು ನೀನೇ."

ಇಡೀ ಜಗತ್ತನ್ನೇ ಮುಚ್ಚಿಸಿದ ಕಾಲು ಇದು. ಬಗ್ಗಿ ನೋಡಿಕೊಂಡೆ. ಹಿಮ್ಮಡಿ ಒಡೆದಿದೆ, ಅಷ್ಟೇ.

"ನನ್ ಮೇಲೆ ಕಣ್ ಬಿಡಬೇಡ. ನೀನು ಬರೋದು ಬೇಡ ಅಂದಿದ್ದು ನಾನಲ್ಲ," ಎಂದರು ಶ್ರೀಕರ್.

ಮೇ 4

ಅವಳೇ. ನನ್ನ ಮಾನ್ಯಾ. ಮುಖ ತೊಳೆದುಕೊಂಡು ಫೋನ್ ಮಾಡಿದೆ.

"ಅಮ್ಮಾ, ಇಟ್ಸ್ ನಾಟ್ ಯೂ! ನಾನು ಮಾರ್ಚಿಂದ ಸಾಕ್ಸ್ ವಾಶ್ ಮಾಡಿಲ್ಲ, ಬಿಕಾಸ್ ಗೆಲ್ತಾ ಇದೀವಿ. ಸೇಮ್ ಥಿಂಗ್."

ನಾನೂ ಅವಳ ಸಾಕ್ಸೂ ಒಂದೇ. ಇದನ್ನು ಅಂಕಣದಲ್ಲಿ ಬರೆದಿದ್ದರೆ ಉತ್ಪ್ರೇಕ್ಷೆ ಎನ್ನುತ್ತಿದ್ದರು.

"ಕಾಲ್ಗುಣ ಅನ್ನೋದನ್ನ ನಿಂಗ್ಯಾರೇ ಹೇಳಿಕೊಟ್ಟಿದ್ದು?"

"ಯೂ ಡಿಡ್. ರಾಧಿಕಾ ಆಂಟಿ ಬಂದಾಗೆಲ್ಲ ವೈಫೈ ಹೋದ್ರೆ ಹೇಳ್ತೀಯಲ್ಲ?"

"ಊಟ ಮಾಡಿದ್ಯಾ?" ಎಂದೆ.

"ಜಸ್ಟ್ ದಿಸ್ ಒನ್ಸ್, ಅಮ್ಮಾ. ಪ್ಲೀಸ್."

ಆಯ್ತು, ಬರಲ್ಲ ಎಂದೆ. ಇದೊಂದೇ ಸಲ ಅಂತೆ. ಇನ್ನೊಂದು ಸಲ ಎಲ್ಲಿದೆ?

ಮೇ 9, ಗುರುವಾರ, ಫೋರ್ಟ್ ಮಿಲ್

ರಾಧಿಕಾಳ ಸೋಫಾ. ಟೀವಿಯಲ್ಲಿ ಲೈವ್‌ಸ್ಟ್ರೀಮ್. ಎರಡೂ ಕಾಲು ಮೇಲೆತ್ತಿಕೊಂಡು ಕೂತಿದ್ದೆ, ನೆಲಕ್ಕೆ ತಾಕದಂತೆ. ಸೌತ್ ಕ್ಯಾರೊಲೈನಾದ ನೆಲವೆಲ್ಲ ಒಂದೇ ತಾನೆ, ಯಾಕೆ ರಿಸ್ಕು?

"ಏನೇ ಅದು, ಚಿಕ್ಕ ಮಗು ಹಂಗೆ?" ಎಂದಳು ರಾಧಿಕಾ. ವಿಷಯ ಹೇಳಿದೆ, ಅವಳ ವೈಫೈ ಭಾಗ ಬಿಟ್ಟು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಪತ್ರಿಕೆಯಲ್ಲಿ ನನ್ನ ಬರಹ ಓದಿ ಒಮ್ಮೆಯೂ ಹಾಗೆ ನಕ್ಕವಳಲ್ಲ.

ಗೆದ್ದರು.

ತೊಂದರೆಯೇ ಅದು.

ಮೇ 10

ಸೆಮಿಫೈನಲ್ಲೂ ಗೆದ್ದರು. ಈಗ ನನಗೇ ನನ್ನ ಮೇಲೆ ಅನುಮಾನ. ಬಚ್ಚಲಿಗೂ ತುದಿಗಾಲಲ್ಲೇ ಹೋಗಿಬರುತ್ತಿದ್ದೇನೆ.

ಬಸವಕುಮಾರ್ ಮೆಸೇಜು: "ಹಿಸ್ಟರಿ ಎಲ್ಲಿಗೆ ಬಂತು ಮೇಡಂ?" ನಾಳೆ ಫೈನಲ್. ಒಂದೇ ಸಾಲು ಬಾಕಿ. ನೋಡದೆಯೇ ಬರೆಯಬೇಕು. ದೊಡ್ಡ ಇತಿಹಾಸಕಾರರೂ ಹಾಗೇ ಬರೆಯುವುದು.

ಅವಳ ಕಡೇ ಆಟ.

ಮೇ 11, ಶನಿವಾರ, ಮಧ್ಯಾಹ್ನ

ಪಾರ್ಕಿಂಗ್ ಲಾಟ್. ಕಾರಿನೊಳಗೆ. ಇದು ಮೈದಾನವಲ್ಲ, ಆದ್ದರಿಂದ ವಚನಭಂಗವೂ ಅಲ್ಲ. ಇಲ್ಲಿಂದ ಲೈಟ್ ಕಂಬ ಕಾಣುತ್ತದೆ, ಮಗಳು ಕಾಣುವುದಿಲ್ಲ. ಶ್ರೀಕರ್‌ಗೆ ಮಾತ್ರ ತಿಳಿಸಿದ್ದೇನೆ. ಬೈಯಲಿಲ್ಲ. ಅನುಮಾನ ಬರುವಷ್ಟು ಒಳ್ಳೆಯವರಾಗಿಬಿಟ್ಟಿದ್ದಾರೆ.

ಸ್ಟ್ರೀಮ್ ಹಾಕಿಲ್ಲ. ಕೂಗು ಬಂದಾಗಲೆಲ್ಲ ಇಲ್ಲೇ ಬರೆಯುತ್ತಿದ್ದೇನೆ, ಕೈ ಸುಮ್ಮನಿರಲೊಲ್ಲದು.

ಶ್ರೀಕರ್ ಓಡಿ ಬರುತ್ತಿದ್ದಾರೆ. ಈ ಮನುಷ್ಯ ಓಡಿದ್ದನ್ನು ನಾನು ಕಂಡಿಲ್ಲ. ಕಿಟಕಿ ಇಳಿಸಿದೆ.

"ಬಾ! ಮಾನ್ಯಾ ಕರೀತಿದಾಳೆ!"

"ಸೋಲ್ತಿದೀವಾ?" ಹೇಗೂ ಸೋಲುವುದೇ ಆದರೆ ಅಮ್ಮನನ್ನೂ ಕರೆಯೋಣ, ಹೊರೆ ಅವಳ ತಲೆಗಿರಲಿ… ಹಾಗೆಯೇ ಇರಬೇಕು.

"ಇಲ್ವೇ! ಒಂದ್ ರನ್ ಮುಂದಿದೀವಿ. ಕಡೇ ಇನ್ನಿಂಗ್ಸು. ಮೂರ್ ಔಟ್ ಮಾಡಿದ್ರೆ ಟ್ರೋಫಿ."

"ಮತ್ಯಾಕೆ ಈಗ?"

"ಬೇಲಿ ಹತ್ರ ಬಂದ್ಲು. ಅಮ್ಮ ಕಾರಲ್ಲಿದಾಳೆ ಅಂತ ಬಾಯ್ತಪ್ಪಿ ಹೇಳ್ಬಿಟ್ಟೆ. ನಿಂತೇಬಿಟ್ಲು ಹುಡುಗಿ. 'ಕಾರಲ್ಲಾ? ಐ ಡೋಂಟ್ ಕೇರ್, ಅಮ್ಮ ಬರ್ಲಿ' ಅಂದ್ಲು."

ಮುಖ ನೋಡಿದೆ. ಸುಳ್ಳು ಹೇಳಿದರೆ ಈ ಮನುಷ್ಯನ ಕಿವಿ ಕೆಂಪಾಗುತ್ತದೆ. ಕಿವಿ ಕೆಂಪಗೇ ಇದೆ. ಆದರೆ ಓಡಿದ್ದಾರೆ, ಬಿಸಿಲೂ ಇದೆ…

ಸೋತರೆ ಇತಿಹಾಸದ ಕೊನೆಯ ಸಾಲು ನನ್ನ ಹೆಸರಿಗೆ. ಆಯುಷ್ಯಪೂರ್ತಿ.

"ಏನ್ ಬರೀತಾ ಕೂತಿದೀಯ ಮಾರಾಯ್ತಿ? ಎರಡ್ ಔಟ್ ಆಗಿರತ್ತೆ ಅಷ್ಟರಲ್ಲಿ!" ಬಾಗಿಲು ತೆಗೆದು ಹಿಡಿದಿದ್ದಾರೆ.

ಮದುವೆಯ ದಿನ ಹೊಸಿಲಲ್ಲಿ ಅತ್ತೆ ಹೇಳಿಕೊಟ್ಟಿದ್ದೊಂದೇ ಈಗ ನೆನಪಿಗೆ ಬರುತ್ತಿರುವುದು. ಬಲಗಾಲು ಹೊರಗಿಟ್ಟೆ. ಟಾರು ಸುಡುತ್ತಿದೆ. ಒಳಗೆ ಇಡೀ ಮೈದಾನ ಒಟ್ಟಿಗೆ ಕೂಗಿತು. ನಮ್ಮವರೋ ಅವರೋ, ನೋಡಿಯೇ ಬರೆಯುತ್ತೇನೆ.