ಅಳತೆಗಳು ಕಳುವಾದ ವಾರ

ಅಂಗಡಿಯ ಹಿಂದಿನ ಕೋಣೆ,
ಹನ್ನೆರಡನೇ ತಾರೀಕು, ಗುರುವಾರ ಮಧ್ಯಾಹ್ನ

ಅಕ್ಕರೆಯ ಅಕ್ಕನಿಗೆ,

ಭಾವನ ಕಾಲಿನ ಪ್ಲಾಸ್ಟರ್ ಬಿಚ್ಚಿದರೇ? ಆ ಅಣೆಕಟ್ಟು ಕೆಲಸದ ಬಿಡಾರದಲ್ಲಿ ಮಲಗಿಕೊಂಡೇ ಎಲ್ಲರ ಮೇಲೂ ದರ್ಬಾರು ನಡೆಸುತ್ತಿರಬೇಕು. ನಿನ್ನ ಬೆನ್ನುನೋವು ಹೇಗಿದೆ? ಅವರ ಆರೈಕೆಯ ನೆಪದಲ್ಲಾದರೂ ಹೊಲಿಗೆ ಮಿಷನ್ನಿನಿಂದ ದೂರವಿದ್ದೀಯಲ್ಲ, ಅದೇ ಸಮಾಧಾನ. ಬಿಡಾರದಲ್ಲಿ ಫೋನ್ ಸಿಗುವುದಿಲ್ಲವಲ್ಲ, ಅದಕ್ಕೇ ವಾರದ ಸಾಮಾನು ತರುವ ವ್ಯಾನಿನ ಡ್ರೈವರ್ ಕೈಯಲ್ಲಿ ಇದನ್ನು ಕಳಿಸುತ್ತಿದ್ದೇನೆ. ನಾನು ಚೆನ್ನಾಗಿದ್ದೇನೆ ಅಂದರೆ ಸಾಲದು, ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಮೊದಲಿನಿಂದ ಹೇಳುತ್ತೇನೆ, ಕುರ್ಚಿ ಎಳೆದುಕೊಂಡು ಕೂತುಕೊ.

ಗಿರಾಕಿಗಳ ಅಳತೆ ಬರೆದಿಡಲು ತಿಂಗಳ ಚಂದಾ ಕಟ್ಟಿ ಸಾಫ್ಟ್‌ವೇರ್ ತೆಗೆದುಕೊಂಡೆವಲ್ಲ, ಆ ಕಂಪನಿಗೆ ಯಾರೋ ಕನ್ನ ಹಾಕಿದ್ದಾರೆ. ಹೆಸರು, ಫೋನ್ ನಂಬರು, ಮನೆ ವಿಳಾಸ, ಎದೆ ಸೊಂಟದ ಅಳತೆ, ಪಕ್ಕದಲ್ಲಿ ನೀನು ಟೈಪು ಮಾಡಿಟ್ಟ ಟಿಪ್ಪಣಿ, ಎಲ್ಲವೂ ಹೋಗಿವೆ. ‘ಈಕೆಯ ಹತ್ತಿರ ಹೊಟ್ಟೆಯ ಮಾತು ಎತ್ತಬಾರದು’ ಅಂತ ಬರೆದಿದ್ದೀಯಲ್ಲ ಮಹರಾಯ್ತಿ, ಅದೂ ಹೋಗಿದೆ. ಸೋಮವಾರ ಕಂಪನಿಯಿಂದ ಮೇಲ್ ಬಂತು: ‘ಕೆಲವು ಸಾಮಾನ್ಯ ಮಾಹಿತಿ ಹೊರಗಿನವರಿಗೆ ಸಿಕ್ಕಿರುವ ಸಾಧ್ಯತೆ ಇದೆ, ಆತಂಕಪಡುವ ಅಗತ್ಯವಿಲ್ಲ.’ ಸಾಮಾನ್ಯವಂತೆ. ಒಬ್ಬ ಹೆಂಗಸಿನ ಸೊಂಟದ ಸುತ್ತಳತೆಯನ್ನು ಸಾಮಾನ್ಯ ಮಾಹಿತಿ ಅನ್ನುವವನು ಜೀವನದಲ್ಲಿ ಒಂದು ಗುಂಡಿಯನ್ನೂ ಹೊಲಿದಿರಲಾರ. ನನ್ನ ಪಿತ್ತ ನೆತ್ತಿಗೇರಿತು. ಅವರ ಸಹಾಯವಾಣಿಗೆ ಫೋನ್ ಮಾಡಿ ಬಾಯಿಗೆ ಬಂದಂತೆ ಬೈದೆ. ಆ ಕಡೆಯ ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡು ಸಣ್ಣ ದನಿಯಲ್ಲಿ, “ಸರ್, ನಾನೂ ಬಟ್ಟೆ ಹೊಲಿಸ್ಕೊಳ್ಳೋದು ನಮ್ಮ ಸಾಫ್ಟ್‌ವೇರ್ ಇರೋ ಅಂಗಡೀಲೇ. ನನ್ನ ಅಳತೇನೂ ಹೋಗಿದೆ” ಅಂದಳು. ಆಮೇಲೆ ಬೈಯುವುದಕ್ಕೆ ಮನಸ್ಸು ಬರಲಿಲ್ಲ. ಪಾಪ, ಅವಳಾದರೂ ಏನು ಮಾಡಿಯಾಳು.

ಕಂಪನಿ ನಮಗೆ ಹೇಳಿತು, ನಮ್ಮ ಗಿರಾಕಿಗಳಿಗೆ ಹೇಳುವವರು ಯಾರು? ಪರದೆಯ ಆಚೆ ನಿಂತು ಅಳತೆ ತೆಗೆಯುತ್ತಿದ್ದವಳು ನೀನು, ಈಚೆ ಕತ್ತರಿ ಹಿಡಿದವನು ನಾನು. ಗಂಡಸು ಫೋನ್ ಮಾಡಿ ‘ಮೇಡಂ, ನಿಮ್ಮ ಅಳತೆ ಕಳುವಾಗಿದೆ’ ಅನ್ನುವುದು ಹೇಗೆ? ಬೇಕರಿಯ ಅಮ್ಮನಿಗೆ ಮೊದಲು ಫೋನ್ ಮಾಡಿದೆ. ಕೊನೆಗೆ ಹೇಗೋ ಹೇಳಿದೆ. ಅವರು, “ಅದು ಹಳೇ ಅಳತೆ ಕಣಪ್ಪ. ಕದ್ದವನಿಗೇ ಮೋಸ ಆಗಿದೆ” ಅಂದರು. ನಗು ತಡೆಯಲಾಗಲಿಲ್ಲ ಅಕ್ಕ. ಅಲ್ಲಿಂದ ಧೈರ್ಯ ಬಂತು. ಎರಡು ದಿನ ಕತ್ತರಿ ಮುಟ್ಟದೆ ಒಬ್ಬೊಬ್ಬರಿಗೂ ಮಾಡಿದೆ. ಬೈದವರೂ ಇದ್ದಾರೆ, ಇನ್ನು ನಿಮ್ಮ ಅಂಗಡಿ ಕಡೆ ತಲೆ ಹಾಕುವುದಿಲ್ಲ ಅಂದವರೂ ಇದ್ದಾರೆ. ಆದರೆ ಬಹಳ ಜನ, ನೀವಾದರೂ ಬಾಯಿಬಿಟ್ಟು ಹೇಳಿದಿರಲ್ಲ ಅಂದರು. ಆಸ್ಪತ್ರೆಯ ನರ್ಸ್ ಅಂತೂ ಆ ಸಂಜೆಯೇ ಹೊಸ ಬಟ್ಟೆ ತಂದುಕೊಟ್ಟು ಹೋದರು.

ನನಗೆ ನಡುಕವಿದ್ದದ್ದು ಹೆಡ್‌ಮಿಸ್ಟ್ರೆಸ್ ಬಗ್ಗೆ. ಅವರ ಶಾಲೆಯ ಸಮವಸ್ತ್ರದ ಕೆಲಸ ತಪ್ಪಿದರೆ ಬಾಗಿಲು ಹಾಕಿಕೊಳ್ಳುವುದೇ ಅಂತ ನೀನೇ ಎಷ್ಟೋ ಸಲ ಹೇಳಿದ್ದೀಯ. ವಿಷಯ ಕೇಳಿ ಫೋನ್ ಇಟ್ಟವರು ನಿನ್ನೆ ನೇರವಾಗಿ ಅಂಗಡಿಗೆ ಬಂದು, ಟ್ರಯಲ್ ರೂಮಿನ ಸ್ಟೂಲಿನ ಮೇಲೆ ಕೂತು, “ನನ್ನ ಬಗ್ಗೆ ಏನು ಬರೆದಿದೆ, ಓದಿ” ಅಂದರು. ಓದಿದೆ: ‘ಬಲಭುಜಕ್ಕೆ ಒಂದು ಪದರ ಪ್ಯಾಡ್ ಹೆಚ್ಚು, ಅವರಿಗೆ ಹೇಳದೆ ಹಾಕುವುದು.’ ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಕನ್ನಡಿಯ ಮುಂದೆ ನಿಂತು ತಮ್ಮ ಭುಜವನ್ನೇ ತಿರುತಿರುಗಿಸಿ ನೋಡಿಕೊಂಡು, “ನಿಮ್ಮಕ್ಕನ ಕೈಯಲ್ಲಿ ಹೊಲಿಸಿದ ಕೋಟಲ್ಲಿ ಮಾತ್ರ ಯಾಕೆ ನೆಟ್ಟಗೆ ಕಾಣ್ತೀನಿ ಅಂತ ಈಗ ಗೊತ್ತಾಯ್ತು” ಅಂದರು. ಆಮೇಲೆ ಮುಖ ಗಂಭೀರವಾಯಿತು. “ನಂದು ಹೋಗ್ಲಿ. ನಮ್ಮ ಮಕ್ಕಳ ಹೆಸರು, ವಿಳಾಸ ಎಲ್ಲಾ ನಿಮ್ಮ ಹತ್ರ ಇದೆ. ಇನ್ನೂ ಆ ಕಂಪನೀಲೇ ಇಟ್ಟಿದೀರಾ?” ಇಲ್ಲ ಮೇಡಂ, ಎಲ್ಲ ಅಳಿಸಿಬಿಟ್ಟೆ, ಇನ್ನು ಅಳತೆಯೆಲ್ಲ ಪುಸ್ತಕದಲ್ಲಿ ಬರೆದು ನಮ್ಮ ಬೀರುವಿನಲ್ಲೇ ಇಡುತ್ತೇನೆ ಅಂದೆ. “ಹಾಗಾದ್ರೆ ಈ ವರ್ಷಾನೂ ನೀವೇ ಹೊಲೀರಿ” ಅಂದರು. ಅಕ್ಕ, ಅವರು ಹೋದಮೇಲೆ ಷಟರ್ ಅರ್ಧ ಎಳೆದು ಒಬ್ಬನೇ ಕುಣಿದೆ. ಹೆಮ್ಮೆಯಾಗುತ್ತಿದೆ ಅಂತ ಬರೆಯಲು ನಾಚಿಕೆಯಿಲ್ಲ. ನೀನಿಲ್ಲದೆಯೂ ನಿನ್ನ ಅಂಗಡಿ ಉಳಿಯಿತು.

ಭಾವನಿಗೆ ನಮಸ್ಕಾರ ಹೇಳು, ಊರುಗೋಲು ಬಿಟ್ಟು ಶೂರತನ ತೋರಿಸುವುದು ಬೇಡ ಅಂತಲೂ ಹೇಳು. ನೀನು ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಸಿಡುಕು ತಮ್ಮ,
ದೂರ್ವಾಸ

ಮತ್ತೆ: ಡ್ರೈವರ್ ಹಾರನ್ ಹೊಡೆಯುತ್ತಿದ್ದಾನೆ. ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಏನೂ ಅಳಿಸಿಲ್ಲ ಅಕ್ಕ. ಖಾತೆ ನಿನ್ನ ಹೆಸರಿನಲ್ಲಿದೆ, ನಿನ್ನ ಫೋನಿನಿಂದ ನೀನೇ ಒಪ್ಪಿಗೆ ಕೊಡದೆ ಅಳಿಸಲು ಬರುವುದಿಲ್ಲ. ಹೆಡ್‌ಮಿಸ್ಟ್ರೆಸ್ ಕೇಳಿದಾಗ ನನಗೆ ಅದು ಗೊತ್ತಿತ್ತು, ಆದರೂ ಬಾಯಿಂದ ಹಾಗೆ ಬಂದುಬಿಟ್ಟಿತು. ಮಕ್ಕಳ ವಿಳಾಸವೆಲ್ಲ ಈಗಲೂ ಅಲ್ಲೇ ಇದೆ. ಇದೇ ವ್ಯಾನ್ ಹತ್ತಿ ಫೋನ್ ಸಿಗುವ ಕಡೆ ಬಂದು ಅಳಿಸುವ ಗುಂಡಿಯನ್ನು ನೀನೇ ಒತ್ತು. ಆಗ ನಿನ್ನ ಫೋನಿಗೆ ಬರುವ ಒಟಿಪಿ ನಂಬರು ಯಾರು ಕೇಳಿದರೂ, ನನ್ನ ದನಿಯಲ್ಲೇ ಕೇಳಿದರೂ ಹೇಳಬೇಡ. ಸೋಮವಾರ ಅವರು ಮಕ್ಕಳನ್ನು ಅಳತೆಗೆ ಕರೆತರುತ್ತಾರೆ. ಅಷ್ಟರೊಳಗೆ ನನ್ನ ಸುಳ್ಳನ್ನು ನಿಜ ಮಾಡಿಕೊಡು.