ಚಪ್ಪಲಿ ಬಿಟ್ಟು ನೋಡಿದ ಕಂಬಳಿ

ನೆಹರು ನಗರ, ಬೆಳಗಾವಿ
18 ಡಿಸೆಂಬರ್ 2000

ನನ್ನ ಮುದ್ದಿನ ಅವ್ವನಿಗೆ, ಪ್ರಮಿಳಾ ಕೈಮುಗಿದು ಬರೆಯುವುದು,

ಮೊದಲು ಸುದ್ದಿ ಕೇಳು. ನಾನು ಪಾಸು! ಫ್ರೆಂಚಿನಲ್ಲಿ ಫೇಲಾದರೆ "ಗಂಟುಮೂಟಿ ಕಟಗೊಂಡು ಖಾನಾಪುರಕ್ಕ ಬಾ, ಕಾಲೇಜು ಸಾಕು" ಅಂತ ಗುಡುಗಿದ್ದ ಅಪ್ಪನಿಗೆ ಇದನ್ನು ಊಟಕ್ಕೆ ಕೂತಾಗಲೇ ಹೇಳಿಬಿಡು.

ಬಾಯಿಪರೀಕ್ಷೆಗೆ ನಮ್ಮ ಸಾಮಾನುಗಳಲ್ಲಿ ಮೂರನ್ನು ತಂದು, ಇದು ನನ್ನದು, ಹೀಗಿದೆ ಎಂದು ಫ್ರೆಂಚಿನಲ್ಲಿ ಬಣ್ಣಿಸಬೇಕಿತ್ತು. ಆ ಭಾಷೆಯಲ್ಲಿ ಪೆನ್ನು ಗಂಡು, ಡಬ್ಬಿ ಹೆಣ್ಣು. ಹಸಿರು ಪೆನ್ನಾದರೆ 'ವೆರ್', ಹಸಿರು ಡಬ್ಬಿಯಾದರೆ 'ವೆರ್ತ್'. ಬಣ್ಣವೂ ವಸ್ತುವಿಗೆ ತಕ್ಕ ಉಡುಪು ತೊಡಬೇಕು. ನಾನೋ ಡಬ್ಬಿಗೆ ಧೋತರ ಉಡಿಸಿ, ಪೆನ್ನಿಗೆ ಸೀರೆ ಸುತ್ತಿಬಿಟ್ಟೆ. ಗೋವಾದಿಂದ ಬಂದಿದ್ದ ಪರೀಕ್ಷೆಯ ಮೇಡಮ್ ಗಡಿಯಾರ ನೋಡತೊಡಗಿದರು.

ಉಳಿದಿದ್ದು ನೀನು ಕೊಟ್ಟ ಕರಿಯ ಕಂಬಳಿ. ಎಷ್ಟು ಉದ್ದವಿದೆ ನೋಡೋಣ ಎಂದು ಅವರು ಅದನ್ನು ನೆಲಕ್ಕೆ ಹಾಸಿ, ಮೇಲೆ ಚಪ್ಪಲಿ ಕಾಲು ಇಡಲು ಹೋದರು ನೋಡು, ನನಗೆ ಪರೀಕ್ಷೆ, ಮಾರ್ಕು ಎಲ್ಲ ಮರೆತುಹೋಯಿತು. "ಅಯ್ಯ, ಚಪ್ಪಲಿ ತಗೀರಿ!" ಅಂತ ಕಿರುಚಿಬಿಟ್ಟೆ, ಅದೂ ಕನ್ನಡದಲ್ಲಿ. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ. ಅವರು ಸಿಟ್ಟಾಗಲಿಲ್ಲ. ಯಾಕೆ ಎಂದು ಫ್ರೆಂಚಿನಲ್ಲೇ ಕೇಳಿದರು.

ಹೇಳಿದೆ ಅವ್ವ, ನಾನೂ ಫ್ರೆಂಚಿನಲ್ಲೇ. ನಾವು ನಮ್ಮ ದೇವರು ಬೀರಪ್ಪನನ್ನು ಕೂಡಿಸುವುದೇ ಕಂಬಳಿಯ ಮೇಲೆ, ಅದನ್ನು ಚಪ್ಪಲಿಯಲ್ಲಿ ತುಳಿಯುವಂತಿಲ್ಲ, ನಮ್ಮದೇ ಕುರಿಯ ಉಣ್ಣೆ, ನೂತವಳು ನಮ್ಮವ್ವ ಎಂದೆ. ಭಾರವಿದೆ ಎನ್ನಲು 'ಲೂರ್ದ್', ಬೆಚ್ಚಗಿದೆ ಎನ್ನಲು 'ಶೋದ್'. ಕಂಬಳಿ ಫ್ರೆಂಚಿನಲ್ಲಿ ಹೆಣ್ಣು, ಒಂದು ಪದಕ್ಕೂ ಉಡುಪು ತಪ್ಪಲಿಲ್ಲ. ಆ ಹೊತ್ತಿಗೆ ನನ್ನ ಕಣ್ಣಮುಂದೆ ನೀನೇ ಇದ್ದೆ. ಮೇಡಮ್ ಚಪ್ಪಲಿಯನ್ನು ಬಾಗಿಲ ಹೊರಗೆ ಬಿಟ್ಟು ಬಂದು, ಅಂಚಿನಲ್ಲಿ ಕೂತು ಉಣ್ಣೆ ಸವರಿ ನೋಡಿದರು. ನನಗೆ ಎಷ್ಟು ಹೆಮ್ಮೆಯಾಯಿತೆಂದರೆ, ಬರೆಯುವಾಗಲೂ ನಗು ಬರುತ್ತಿದೆ.

ನಿನ್ನ ಬಾಯಿಬಡುಕಿ ಮಗಳು,
ಪ್ರಮಿಳಾ

ತಾ.ಕ.: "ಥಂಡಿ ಭಾಳ ಐತಿ, ಒಯ್ಯಿ, ನನ್ನ ಹಂತ್ಯಾಕ ಇನ್ನೊಂದ್ ಐತಿ" ಅಂತ ಈ ಕಂಬಳಿ ಕೊಟ್ಟಿದ್ದೆಯಲ್ಲ? ನಿನ್ನೆ ಇಲ್ಲಿಗೆ ಬಂದಿದ್ದ ರೇಣವ್ವ ಅತ್ತಿಗೆ ಬಾಯಿಬಿಟ್ಟಳು. ಇನ್ನೊಂದು ಇಲ್ಲವೇ ಇಲ್ಲವಂತೆ, ಹಳೆಯ ಸೀರೆ ಹೊದ್ದು ಮಲಗುತ್ತೀಯಂತೆ. ನಾನು ಅಷ್ಟು ಚಂದಾಗಿ ನನ್ನದು, ನನ್ನದು ಎಂದು ಬಣ್ಣಿಸಿದ್ದು ನಿನ್ನದೇ ಆಗಿತ್ತು. ಸುಳ್ಳಿ! ಶನಿವಾರದ ಬಸ್ಸಿಗೆ ಹೊತ್ತು ತರುತ್ತೇನೆ. ರಜೆ ಮುಗಿಯುವ ತನಕ ಇಬ್ಬರೂ ಅದರೊಳಗೇ ಮಲಗೋಣ.